ಎಡಗಡೆ ಮಾತ್ರ ಪಳಗಿದ ಕುದುರೆ

ಟೋಪಿ ಹಾಕಿಕೊಂಡು ಕುದುರೆ ಪಳಗಿಸಲು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಬಿಸಿಲಿಗೆ ಹಾಕಿಕೊಂಡರೆ ಸರಿ, ಈ ಮನುಷ್ಯ ಲಾಯದ ಒಳಗೂ ಅದನ್ನು ತೆಗೆಯುತ್ತಿರಲಿಲ್ಲ. ಅವನ ಬೂಟಿನ ಹೊಳಪು ನೋಡಿದರೆ ಅದಕ್ಕೆ ಲದ್ದಿ ಸೋಕಿದ ದಿನವೇ ಇಲ್ಲ ಅನ್ನಿಸುತ್ತಿತ್ತು. ಎಂಥ ಕುದುರೆಯನ್ನಾದರೂ ಹತ್ತೇ ದಿನದಲ್ಲಿ ಸವಾರಿಗೆ ತರುತ್ತೇನೆಂದು ಅವನು ನನ್ನ ಭಾವನಿಗೆ ಮಾತು ಕೊಟ್ಟಿದ್ದ. ಹಾಗಾಗಿ ಅವನಿಗೆ ‘ಹತ್ತು ದಿನದ ಮೇಷ್ಟ್ರು’ ಎಂದು ಹೆಸರು ಬಿತ್ತು. ಇಟ್ಟವಳು ನಾನೇ.

ಲಾಯ ಭಾವನದು, ಅಂದರೆ ನನ್ನ ಅಕ್ಕನ ಗಂಡನದು. ಹನ್ನೊಂದು ಕುದುರೆ, ಬೇಲಿ ಹಾಕಿದ ಒಂದು ದುಂಡನೆಯ ಮೈದಾನ, ಸವಾರಿ ಕಲಿಯಲು ಪೇಟೆಯಿಂದ ಬರುವ ಜನ. ಅಲ್ಲಿ ಹುಟ್ಟಿದ ಮರಿಗಳನ್ನೆಲ್ಲ ಇಪ್ಪತ್ತೈದು ವರ್ಷದಿಂದ ಪಳಗಿಸಿದವಳು ನಾನು. ಈ ಸಲದ್ದು ಬೂದಿ. ಬೂದುಬಣ್ಣದ ಹೆಣ್ಣು, ಮೂರು ವರ್ಷ ದಾಟಿತ್ತು. ಹುಟ್ಟಿದ ವಾರಕ್ಕೇ ತಾಯಿ ಸತ್ತದ್ದರಿಂದ ಅಕ್ಕನ ಮಗಳು ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. ಆಗ ಅವಳಿಗೆ ಹದಿನಾರು. ಅದು ಕೆಮ್ಮಿದರೆ ಇವಳಿಗೆ ಊಟ ಸೇರುತ್ತಿರಲಿಲ್ಲ.

ನನ್ನ ಪದ್ಧತಿ ಇಷ್ಟೇ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಎಡಗಣ್ಣಿಗೆ ಪರಿಚಯವಾದದ್ದನ್ನು ಬಲಗಣ್ಣಿಗೆ ಮತ್ತೆ ಮೊದಲಿನಿಂದ ಪರಿಚಯ ಮಾಡಿಸಬೇಕು. ಎರಡನ್ನೂ ಜೊತೆಜೊತೆಗೆ ಮಾಡುವವರಿದ್ದಾರೆ, ನಾನು ಹಾಗಲ್ಲ. ಕಂಬಳಿ ಹೊದಿಸುವುದು, ಜೀನು ಏರಿಸುವುದು, ಹೊಟ್ಟೆಪಟ್ಟಿ ಬಿಗಿಯುವುದು, ಪಕ್ಕದಲ್ಲಿ ಕುಣಿಯುವುದು, ಜೀನಿನಿಂದ ತೂಗುವ ರಿಕಾಪಿಗೆ ಕಾಲಿಟ್ಟು ಭಾರ ಬಿಟ್ಟು ಇಳಿಯುವುದು, ಎಲ್ಲವನ್ನೂ ಎಡಗಡೆಯಿಂದ ಮಾಡಿ, ಕುದುರೆ ಬೇಸರದಿಂದ ಆಕಳಿಸುವವರೆಗೆ ಕಾಯುತ್ತೇನೆ. ಆಮೇಲೆ ಬಲಕ್ಕೆ ಹೋಗಿ, ಅದೊಂದು ಹೊಸ ಕುದುರೆಯೇ ಎಂಬಂತೆ ಶುರುಮಾಡುತ್ತೇನೆ. ಬೂದಿ ಆಕಳಿಸಿದ್ದು ನಲವತ್ತನೆಯ ದಿನ. ಮಾರನೆಯ ಬೆಳಿಗ್ಗೆ ನಾನು ಕಂಬಳಿ ಹಿಡಿದು ಬಲಕ್ಕೆ ಬಂದು ನಿಂತಿದ್ದೆ, ಭಾವ ಬಾಗಿಲಿಗೆ ಬಂದರು.

“ಇನ್ನೂ ಕಂಬಳಿ ಮಡಚೋದು, ಬಿಚ್ಚೋದು ಮಾಡ್ತಾ ಇದ್ದೀಯಲ್ಲ. ಕುದುರೆ ಪಳಗಿಸ್ತಿದ್ದೀಯೋ ಹಾಸಿಗೆ ಹಾಸ್ತಿದ್ದೀಯೋ?”

“ಇನ್ನು ಮೂರು ವಾರ ಕೊಡಿ ಭಾವ.”

“ಸಾಕು ತಾಯಿ, ನಾನೊಬ್ಬರನ್ನ ಕರೆಸಿದ್ದೀನಿ. ಅವರ ಕೈಲೂ ಆಗದಿದ್ರೆ ತಿಂಗಳ ಕೊನೆಗೆ ಇಟ್ಟಿಗೆ ಗಾಡಿಯವನಿಗೆ ಕೊಟ್ಟುಬಿಡ್ತೀನಿ. ಕೂತು ತಿನ್ನೋ ಕುದುರೆ ನನಗೆ ಬೇಡ.”

“ಕುದುರೆ ನಿಂತೇ ತಿನ್ನೋದು, ಅಪ್ಪ,” ಎಂದಳು ಹಿಂದೆ ನಿಂತಿದ್ದ ಮಗಳು. ಅವಳ ಮುಖದಲ್ಲಿ ನಗು ಇರಲಿಲ್ಲ. ಆ ಗಾಡಿಯವನ ಕುದುರೆಗಳು ಎರಡೇ ವರ್ಷಕ್ಕೆ ಮಂಡಿ ಕಳೆದುಕೊಳ್ಳುತ್ತವೆಂದು ಅವಳಿಗೂ ಗೊತ್ತಿತ್ತು.

ಮೇಷ್ಟ್ರು ಬಂದ. ಎರಡನೆಯ ದಿನವೇ ಎಡಗಡೆಯಿಂದ ಜೀನು ಏರಿಸಿದ. ಬೂದಿ ಕಿವಿ ಕೂಡ ಅಲುಗಿಸಲಿಲ್ಲ.

“ನೋಡಿದ್ರಾ ಸಾರ್? ಇದಕ್ಕೆ ಕೈಗುಣ ಅಂತಾರೆ.”

ಭಾವನ ಮುಖ ಅರಳಿತು. ನಾನು ಬೇಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆ. ನಾನು ಒರೆಸಿಟ್ಟ ತಟ್ಟೆಯಲ್ಲಿ ಉಂಡು ಅಡುಗೆಯೂ ತನ್ನದೇ ಎನ್ನುತ್ತಿದ್ದ ಆ ಮನುಷ್ಯ. ಉದ್ದ ಹಗ್ಗ ಹಿಡಿದು ಸುತ್ತು ಹಾಕಿಸುವಾಗಲೂ ಒಂದೇ ದಿಕ್ಕು, ಏಕೆಂದರೆ ಚಾಟಿಯನ್ನು ಕೈ ಬದಲಾಯಿಸಲು ಅವನಿಗೆ ಬರುತ್ತಿರಲಿಲ್ಲ. ಕುದುರೆಯ ಬಲಗಡೆ ಎಂಬುದೊಂದಿದೆ ಎಂದು ಅವನಿಗೆ ಹೊಳೆದಿರಲೇ ಇಲ್ಲ.

“ನಿಮ್ಮದು ಹಳೇ ಕಾಲದ್ದು ಅಮ್ಮ,” ಎಂದ ಒಂದು ದಿನ. “ನೀವು ಕುದುರೆಯನ್ನ ಕೇಳ್ಕೊಂಡು ಮಾಡ್ತೀರ. ನಾನು ಹೇಳಿ ಮಾಡಿಸ್ತೀನಿ.”

“ಹೇಳಿ ಮಾಡಿಸಪ್ಪ. ಯಾರು ಬೇಡ ಅಂದ್ರು?”

ಒಂದು ಮಾತು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅದನ್ನು ಕಡಲೆಕಾಯಿಯ ಜೊತೆ ನುಂಗಿದೆ. ಅಕ್ಕನ ಮಗಳು ಬೇಲಿಯ ಕಡೆ ಸುಳಿಯುತ್ತಿರಲಿಲ್ಲ. ಅದನ್ನು ನೋಡಲಾರೆನೆಂದು ಬೇರೆ ಕುದುರೆಗಳ ಕೆಲಸದಲ್ಲಿ ಮುಳುಗಿರುತ್ತಿದ್ದಳು.

ಹತ್ತನೆಯ ದಿನ ಭಾವ ಸವಾರಿ ಕಲಿಯುವವರನ್ನೆಲ್ಲ ಸೇರಿಸಿ ಬೇಲಿಯ ಸುತ್ತ ನಿಲ್ಲಿಸಿದರು. ಮೇಷ್ಟ್ರು ಎಡಗಾಲನ್ನು ರಿಕಾಪಿಗೆ ಇಟ್ಟ. ಬೂದಿ ತೂಕಡಿಸುತ್ತಿತ್ತು. ಅವನು ಎದ್ದು, ಬಲಗಾಲನ್ನು ಬೀಸಿ ಆಚೆ ಹಾಕಿದ. ಆ ಹೊಳೆಯುವ ಬೂಟು ಆಕಾಶದಿಂದ ಬಿದ್ದಂತೆ ಬೂದಿಯ ಬಲಗಣ್ಣಿಗೆ ಕಂಡಿತು. ಅದು ಒಮ್ಮೆ ನೆಲಕ್ಕೆ ಕುಸಿದು, ಬೆನ್ನು ಕಮಾನು ಮಾಡಿ, ನಾಲ್ಕೂ ಕಾಲೆತ್ತಿ ಪಕ್ಕಕ್ಕೆ ಹಾರಿತು. ಮೇಷ್ಟ್ರು ಬಂದ ದಾರಿಯಲ್ಲೇ ಎಡಕ್ಕೆ ಬಿದ್ದ. ಟೋಪಿ ಮಾತ್ರ ತಲೆಯ ಮೇಲೇ ಇತ್ತು. ಕೈಯೂರಿದ್ದರಿಂದ ಮಣಿಕಟ್ಟು ಉಳುಕಿತ್ತು, ಅಷ್ಟೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಅಕ್ಕನ ಮಗಳು ಓಡಿ ಬಂದು ಬೂದಿಯನ್ನು ಹಿಡಿದಳು. ಅದು ಬೆವರಿ ನಡುಗುತ್ತಿತ್ತು. ಸಮಾಧಾನ ಮಾಡಲು ಅವಳು ಬಲಗಡೆಯಿಂದ ಕುತ್ತಿಗೆಗೆ ಕೈ ಇಟ್ಟಳು. ಮರಿಯಾಗಿದ್ದಾಗಿನಿಂದ ಗೊತ್ತಿದ್ದ ಕೈ ಅದು. ಬೂದಿ ಕೆಂಡ ತಗುಲಿದಂತೆ ಅವಳಿಂದ ದೂರ ನೆಗೆಯಿತು. ನನ್ನ ನಗು ಅಲ್ಲಿಗೆ ನಿಂತಿತು.

“ಹುಚ್ಚು ಕುದುರೆ. ತಿಂಗಳ ಕೊನೆವರೆಗೆ ಯಾಕೆ, ನಾಳೆಯೇ ಗಾಡಿಯವನು ಬರಲಿ,” ಎಂದು ಹೇಳಿ ಭಾವ ಒಳಗೆ ಹೋದರು.

ಅವಳು ಹಗ್ಗ ಹಿಡಿದು ನನ್ನತ್ತ ತಿರುಗಿದಳು. “ಚಿಕ್ಕಮ್ಮ, ಬಲಗಡೆ ಕೆಲಸ ಆಗಿರಲಿಲ್ಲ ಅಲ್ವಾ?”

“ಇಲ್ಲ.”

“ಅವನೂ ಮಾಡ್ತಿಲ್ಲ ಅಂತ ನಿನಗೆ ಗೊತ್ತಿತ್ತು.”

“ಹೂಂ.”

“ಗೊತ್ತಿದ್ದೂ ಕಡಲೆಕಾಯಿ ತಿಂತಾ ಕೂತಿದ್ದೆ.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಬೈಯಲಿಲ್ಲ. ಬೂದಿಯ ಎಡಗಡೆಗೆ ಹೋಗಿ ನಿಂತಳು. ಆ ಹತ್ತು ದಿನ ನಾನು ಆ ಮೂರ್ಖ ಬೀಳುವುದನ್ನೇ ಎದುರು ನೋಡಿದ್ದೆ. ಅವನು ಬೀಳಬೇಕಾದರೆ ಕುದುರೆ ಹೆದರಬೇಕು ಎಂಬುದನ್ನು ಮಾತ್ರ ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. ಅವನಿಗೆ ತಿಳಿವಳಿಕೆ ಇರಲಿಲ್ಲ, ನನಗೆ ಆ ನೆಪವೂ ಇರಲಿಲ್ಲ.

ಕಚೇರಿಯಲ್ಲಿ ಭಾವ ಫೋನು ಹುಡುಕುತ್ತಿದ್ದರು. ಮೇಷ್ಟ್ರು ತಣ್ಣೀರಿನ ಬಕೆಟ್ಟಿನಲ್ಲಿ ಕೈ ಅದ್ದಿಕೊಂಡು ಕೂತಿದ್ದ. ನಾನು ನಿಂತೇ ಎಲ್ಲವನ್ನೂ ಹೇಳಿದೆ.

“ಅಂದ್ರೆ ನನ್ನನ್ನ ಬೀಳಿಸಿದ್ದು ನೀವು,” ಎಂದ ಮೇಷ್ಟ್ರು.

“ಬೀಳಿಸಿದ್ದು ನಿನ್ನ ಬಲಗಾಲು. ಬಾಯಿ ಮುಚ್ಕೊಂಡು ನೋಡಿದ್ದು ನಾನು.”

ಭಾವ ಇಬ್ಬರನ್ನೂ ಕೊಳೆತ ಹುಲ್ಲು ನೋಡುವಂತೆ ನೋಡಿದರು. “ಒಬ್ಬನಿಗೆ ಕುದುರೆಗೆ ಎರಡು ಪಕ್ಕ ಇದೆ ಅಂತಲೇ ಗೊತ್ತಿಲ್ಲ. ಇನ್ನೊಬ್ಬಳಿಗೆ ಗೊತ್ತಿದೆ, ಆದ್ರೆ ಗತ್ತು. ಚೆನ್ನಾಗಿದೆ ಜೋಡಿ.”

“ಮೊದಲು ಹೇಳಿದ ಹಾಗೆ ತಿಂಗಳ ಕೊನೆವರೆಗೆ ಬಿಡಿ ಭಾವ. ಹದಿನೆಂಟು ದಿನ ಇದೆ. ಮತ್ತೆ…” ಬಕೆಟ್ಟಿನ ಕಡೆ ಬೆರಳು ತೋರಿಸಿದೆ. “ಇವನೂ ಬೇಕು.”

“ಇವನು ಯಾಕೆ?”

“ಅದು ಹೆದರಿರೋದು ಇವನ ಬೂಟಿಗೆ. ಇವನೇ ಬಲಗಡೆ ನಿಲ್ಲಬೇಕು. ಇವನನ್ನ ನೋಡಿ ನೋಡಿ ಅದಕ್ಕೆ ಬೇಸರ ಬರಬೇಕು.”

“ಅಷ್ಟು ಮಾಡಬಲ್ಲ,” ಎಂದರು ಭಾವ. “ನನಗೆ ಹತ್ತು ದಿನದಲ್ಲೇ ಬಂದಿದೆ.” ಫೋನನ್ನು ಮೇಜಿನ ಮೇಲಿಟ್ಟರು. “ತಿಂಗಳ ಕೊನೆಗೆ ನನ್ನ ಮಗಳು ಅದರ ಮೇಲೆ ಕೂತಿರಬೇಕು. ಇಲ್ಲದಿದ್ರೆ ಗಾಡಿಯವನೇ.”

ಸುಮ್ಮನೆ ನಿಲ್ಲುವುದನ್ನು ಕಲಿಯಲು ಮೇಷ್ಟ್ರಿಗೆ ನಾಲ್ಕು ದಿನ ಹಿಡಿಯಿತು. ಮನುಷ್ಯನಿಗೆ ಕೈ ಎಲ್ಲಿಡಬೇಕೆಂದು ಗೊತ್ತಿಲ್ಲ, ಬಾಯಂತೂ ಮುಚ್ಚುವುದಿಲ್ಲ. ಐದನೆಯ ದಿನ ಬೂಟು ಬಿಚ್ಚಿಸಿ ಕೈಗೆ ಕೊಟ್ಟೆ. ಒಂದು ಕಾಲಿನ ಕಾಲುಚೀಲ ತೂತಾಗಿತ್ತು, ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅದನ್ನು ನೋಡಿದ ಮೇಲೆ ಅವನ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು, ಸ್ವಲ್ಪ ಮಾತ್ರ. ಅವನು ಬಲಗಡೆಯಿಂದ ಬೂಟನ್ನು ಬೂದಿಗೆ ಮೂಸಲು ಕೊಟ್ಟ. ಆಮೇಲೆ ಭುಜಕ್ಕೆ ತಿಕ್ಕಿದ, ಬೆನ್ನಿಗೆ ತಿಕ್ಕಿದ. ಕಣ್ಣಿಗಿಂತ ಮೇಲೆ ಎತ್ತಿ ನಿಧಾನವಾಗಿ ಇಳಿಸಿದ. ಬೂದಿ ಹಾರಿದಾಗಲೆಲ್ಲ ಮತ್ತೆ ನೆಲದಿಂದ ಶುರು.

“ಇದೆಲ್ಲ ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ ಅಮ್ಮ?”

“ಬೂಟು ಒರೆಸ್ತಿದ್ದಾನೆ ಅಂದ್ಕೋತಾರೆ. ಕೈ ಆಡಿಸು.”

ಹದಿಮೂರನೆಯ ದಿನ ಅಕ್ಕನ ಮಗಳು ಬಲಗಡೆಯಿಂದ ಕುತ್ತಿಗೆ ತಬ್ಬಿದಳು. ಬೂದಿ ಅವಳ ತೋಳಿನ ಮೇಲೆ ಗಲ್ಲ ಊರಿತು. ಹದಿನಾರನೆಯ ದಿನ ಬೂಟು ಬೆನ್ನ ಮೇಲಿರುವಾಗಲೇ ಆಕಳಿಸಿತು. ಹದಿನೇಳನೆಯ ದಿನ ಅವಳನ್ನು ಮೂಟೆಯಂತೆ ಜೀನಿನ ಮೇಲೆ ಅಡ್ಡಲಾಗಿ ಮಲಗಿಸಿದೆವು. ತಲೆ ಬಲಗಡೆ, ಕಾಲು ಎಡಗಡೆ. ಬೂದಿ ತಿರುಗಿ ಅವಳ ಜಡೆ ಮೂಸಿತು.

ಕೊನೆಯ ದಿನ ಭಾವ ಒಬ್ಬರೇ ಬೇಲಿಯ ಹತ್ತಿರ ನಿಂತಿದ್ದರು. ಆಚೆ ಒಬ್ಬಿಬ್ಬರು ಕಲಿಯುವವರಿದ್ದರು. ನಾನು ಎಡಗಡೆ ಹಗ್ಗ ಸಡಿಲ ಬಿಟ್ಟು ನಿಂತೆ. ಮೇಷ್ಟ್ರು ಬಲಗಡೆ. ಅಕ್ಕನ ಮಗಳು ಹಿಂದಿನ ದಿನದಂತೆ ಜೀನಿನ ಮೇಲೆ ಅಡ್ಡ ಮಲಗಿ, ಅಲ್ಲಿಂದ ಮೆಲ್ಲಗೆ ಎದ್ದು ಬಲಗಾಲನ್ನು ದಾಟಿಸಿದಳು. ಬೂದಿಯ ಕಿವಿ ಹಿಂದಕ್ಕೆ ಹೋಯಿತು, ಬೆನ್ನು ಹಲಗೆಯಂತಾಯಿತು. ಅವಳು ಉಸಿರು ಹೊರಗೆ ಬಿಟ್ಟಳು.

“ಏನಿಲ್ಲ ಕಣೇ, ಏನಿಲ್ಲ,” ಎಂದ ಮೇಷ್ಟ್ರು ಬೂದಿಗೆ. ಅವನ ಬಾಯಿಂದ ಬಂದ ಮೊದಲ ಪ್ರಯೋಜನದ ಮಾತು ಅದು.

ಬೂದಿ ತುಟಿ ಚಪ್ಪರಿಸಿತು. ಬೆನ್ನು ಸಡಿಲವಾಯಿತು. ಒಂದು ಹೆಜ್ಜೆ ಇಟ್ಟಿತು, ಯೋಚಿಸಿತು, ಇನ್ನೊಂದು ಇಟ್ಟಿತು. ಅರ್ಧ ಸುತ್ತಾದ ಮೇಲೆ ಅಕ್ಕನ ಮಗಳು ಮುಂದೆಯೇ ನೋಡುತ್ತ, “ಚಿಕ್ಕಮ್ಮ, ಹಗ್ಗ ಬಿಡು,” ಎಂದಳು. ಬಿಟ್ಟೆ.

ಅವಳು ತಮ್ಮೆದುರಿಗೆ ಬಂದಾಗ ಭಾವ, “ನಾಳೆ ಗಾಡಿಯವನು ಬಂದ್ರೆ ನೀನೇ ವಾಪಸ್ ಕಳಿಸು,” ಎಂದು ಮಗಳಿಗೆ ಹೇಳಿ ಹೊರಟರು.

ಆಚೆ ಬೇಲಿಗೊರಗಿದ ಮೇಷ್ಟ್ರು ಕಲಿಯುವವರಿಗೆ ಪಾಠ ಶುರುಮಾಡಿದ್ದ. ಕುದುರೆಗೆ ಎರಡು ಕಣ್ಣಿರುತ್ತದೆ, ಬಲಗಡೆಯನ್ನು ಯಾವತ್ತೂ ಮರೆಯಬಾರದು, ಇದು ತನ್ನ ಅನುಭವ, ಎನ್ನುತ್ತಿದ್ದ. ತಪ್ಪು ಹುಡುಕಲು ಕಿವಿಗೊಟ್ಟು ಕೇಳಿದೆ. ಹೇಳುತ್ತಿದ್ದದ್ದೆಲ್ಲ ಸರಿಯಾಗಿಯೇ ಇತ್ತು. ಅದಕ್ಕೇ ಮೈ ಇನ್ನಷ್ಟು ಉರಿಯಿತು.