ಹೇಳದೆ ಇಟ್ಟುಕೊಳ್ಳುವ ಎಡಿಟರ್

ಹಾವೇರಿಯ ನೋಂದಣಿ ಕಚೇರಿಯ ಎದುರು, ತಗಡಿನ ಅಂಗಡಿಯಲ್ಲಿ ಮಹಮ್ಮದ್ ಹನೀಫ್ ಇಪ್ಪತ್ತು ವರ್ಷದಿಂದ ಪತ್ರ ಬರೆದುಕೊಡುತ್ತಿದ್ದರು. ಲ್ಯಾಪ್‌ಟಾಪ್ ಹಳೆಯದು. ಬ್ಯಾಟರಿ ಎಂದೋ ಸತ್ತು, ಗೋಡೆಯ ಕರೆಂಟಿನ ಮೇಲೆ ಜೀವ ಹಿಡಿದಿತ್ತು. ಬರೆಯುವ ದೊಡ್ಡ ಪ್ರೋಗ್ರಾಮು ತೆರೆದುಕೊಳ್ಳುವಷ್ಟರಲ್ಲಿ ಬಂದವರು ಚಹಾ ಕುಡಿದು ಬರುತ್ತಿದ್ದರು. ಅದಕ್ಕೇ ತಂಗಿಯ ಮಗಳು ಕೈಸರ, ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು, ಅಕ್ಷರ ಬಡಿಯುವ ಎರಡು ಹಗುರ ಪ್ರೋಗ್ರಾಮು, ಎಡಿಟರ್ ಅನ್ನುವಂಥವು, ತಂದಿದ್ದಳು.

“ಎರಡೂ ಫುಕಟ್ ಅದಾವ, ಮಾಮೂ.”

“ಫುಕಟ್ ಕೊಡಾವ ಎಲ್ಲ್ಯರ ವಸೂಲ್ ಮಾಡೇ ಮಾಡ್ತಾನ.”

ಮೊದಲನೆಯದರಲ್ಲಿ ಎರಡು ಸಾಲು ಬಡಿದು, ಹನೀಫರು ಥಟ್ಟನೆ ವೈರು ಕಿತ್ತರು. ಮತ್ತೆ ಚಾಲೂ ಮಾಡಿ ಎಡಿಟರ್ ತೆರೆದರೆ ಎರಡೂ ಸಾಲು ಇದ್ದಲ್ಲೇ ಇದ್ದವು.

“ನೋಡ್ರಿ, ಕರೆಂಟ್ ಹೋದ್ರೂ ಬರದದ್ದು ಹೋಗಲಿಲ್ಲ,” ಎಂದಳು ಕೈಸರ.

“ಇಡು ಅಂತ ನಾ ಹೇಳಿದ್ನೇನು?”

“ಅದು ತಾನ ಇಟ್ಕೋತೈತಿ.”

“ಹೇಳದ ಇಟ್ಕೊಳ್ಳೋದು ಕೇಳದ ತೋರಸ್ತೈತಿ. ತಗಿ ಅದನ್ನ.”

ಎರಡನೆಯದು ವೈರು ಕಿತ್ತು ಮತ್ತೆ ತೆರೆದಾಗ ಬರೀ ಬಿಳಿ. ಹನೀಫರು ಅದನ್ನೇ ಆರಿಸಿದರು.

“ಸಂಜೀತನಕ ಬಡದದ್ದು ಒಂದ ಗಳಿಗ್ಯಾಗ ನೀರಾಗ ಹೊಕ್ಕೈತಿ. ನಿಮ್ಮದು ಅನುಮಾನದ ರೋಗ, ಮಾಮೂ.”

ಅನುಮಾನಕ್ಕೆ ಕಾರಣವಿತ್ತು. ಗುತ್ತಲದ ಶೇಖವ್ವ ಅಂದು ಮುಂಜಾನೆ ಬಂದು, ತನ್ನ ಮನೆಯನ್ನು ಮಗಳು ಕಾವೇರಿಗೆ ಬಿಡುವ ಮೃತ್ಯುಪತ್ರದ ವಿವರ ಒಂದು ಚೀಟಿಯಲ್ಲಿ ಬರೆಸಿ ಹೋಗಿದ್ದಳು. “ಮಗ ಕನಕಪ್ಪಗ ಗೊತ್ತಾದ್ರ ಇವತ್ತ ನನ್ನ ಹೊರಗ ಹಾಕ್ತಾನ್ರಿ,” ಎಂದಿದ್ದಳು. ಆ ಚೀಟಿ ಹನೀಫರ ಒಳಜೇಬಿನಲ್ಲಿತ್ತು.

ಹೊಸ ಎಡಿಟರಿನಲ್ಲಿ ಪತ್ರ ಮುಕ್ಕಾಲು ಮುಗಿದಿರಬೇಕು, ಅಂಗಡಿಯ ಮುಂದೆ ಬೈಕು ನಿಂತಿತು. ಇಳಿದವನು ಕನಕಪ್ಪನೇ. ಮೇಜಿನ ಕೆಳಗೆ ಹನೀಫರ ಕಾಲು ವೈರು ಎಳೆಯಿತು.

“ನಮ್ಮವ್ವ ಬಂದಿದ್ಲಂತಲ್ರಿ, ಹನೀಫಸಾಬ್ರ?”

“ದಿನಾ ಎಷ್ಟೋ ಅವ್ವಗೋಳು ಬರ್ತಾರ. ಕುಂದ್ರು.”

“ಕುಂದ್ರಾಕ ಬಂದಿಲ್ರಿ. ಆ ಡಬ್ಬಿ ಒಮ್ಮೆ ಚಾಲೂ ಮಾಡ್ರಿ.”

ಹನೀಫರು ವೈರು ಸಿಕ್ಕಿಸಿ, ಎಡಿಟರ್ ತೆರೆದು, ಪರದೆಯನ್ನು ಅವನ ಕಡೆಗೇ ತಿರುಗಿಸಿದರು. ಬಿಳಿ. ಕನಕಪ್ಪ ಬಾಗಿ ನೋಡಿದ, ಆಮೇಲೆ ಕೈಸರಳ ಮುಖ ನೋಡಿದ.

“ಮುಂಜಾನಿಂದ ಏನೂ ಬರದಿಲ್ಲೇನ್ರಿ?”

“ಹೊಸಾದು ಹಾಕ್ಸೇನಿ. ಕಲಿಯಾಕತ್ತೇನಿ.”

ಕನಕಪ್ಪನ ಬೈಕಿನ ಸದ್ದು ಹೆದ್ದಾರಿಯ ಸದ್ದಿನಲ್ಲಿ ಸೇರಿಹೋಯಿತು.

“ಪತ್ರದಾಗ ನೀ ಎಷ್ಟು ಓದಿದಿ?” ಹನೀಫರು ಕೇಳಿದರು.

“ಕಾವೇರಿ ಅನ್ನೋತನಕ.”

ಅವರು ಕೈಸರಳನ್ನೇ ನೋಡುತ್ತ ಕುಳಿತರು.

“ಹೆದರಬ್ಯಾಡ್ರಿ ಮಾಮೂ. ನಾ ಆ ಎರಡನೇ ಎಡಿಟರ್ ಇದ್ದಂಗ.”

ಹನೀಫರು ಚೀಟಿ ತೆಗೆದು, ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು, ಮೊದಲನೆಯ ಸಾಲಿನಿಂದ ಬಡಿಯತೊಡಗಿದರು.