ಸಿಟ್ಟಿನ ಪೆಟ್ಟಿಗೆಗೆ ಹೊಸ ರಾಣಿ

ನೀರಮಾನ್ವಿ ಹತ್ತಿರ, ತನ್ನ ಹೊಲದ ಬದುವಿನ ಮೇಲೆ ಅಯ್ಯಣ್ಣ ಆರು ಜೇನು ಪೆಟ್ಟಿಗೆ ಇಟ್ಟಿದ್ದ. ಅದರಲ್ಲಿ ಒಂದು ಪೆಟ್ಟಿಗೆಯ ಹುಳಗಳಿಗೆ ಸಿಟ್ಟು ಜಾಸ್ತಿ. ಮುಚ್ಚಳ ಎತ್ತಿದರೆ ಸಾಕು, ನೇರ ಮುಖಕ್ಕೇ ಬರುತ್ತಿದ್ದವು. ಆದರೆ ಜೇನುತುಪ್ಪ ಕೊಡುವುದರಲ್ಲಿ ಅದೇ ಮುಂದು.

ಮಳೆಗಾಲದಲ್ಲಿ ಬೇರೆ ಎರಡು ಪೆಟ್ಟಿಗೆಗಳ ರಾಣಿಗಳಿಗೆ ವಯಸ್ಸಾಯಿತು. ಮೊಟ್ಟೆ ಕಡಿಮೆಯಾಗಿ ಹುಳಗಳ ಸಂಖ್ಯೆ ಇಳಿಯಿತು. ರಾಣಿಯನ್ನು ಬದಲಿಸದೆ ಬೇರೆ ದಾರಿ ಇರಲಿಲ್ಲ. ಅಯ್ಯಣ್ಣನ ಹೆಂಡತಿ ಅಮರಮ್ಮ. ಅವಳ ತಂಗಿಯ ಮಗಳು ಸಂಘಮಿತ್ರಾ ರಾಯಚೂರಿನಲ್ಲಿದ್ದುಕೊಂಡು ಜೇನು ಸಾಕುವವರಿಗೆ ತರಬೇತಿ ಕೊಡುತ್ತಾಳೆ. ಅವಳು ಫೋನಿನಲ್ಲಿ ಮೊದಲೇ ಹೇಳಿದ್ದಳು.

"ದೊಡ್ಡಪ್ಪ, ಆ ಸಿಟ್ಟಿನ ಪೆಟ್ಟಿಗಿಯಿಂದ ಮಾತ್ರ ರಾಣಿ ಮಾಡಬ್ಯಾಡ್ರಿ. ತಾಯಿ ಗುಣಾನ ಮಕ್ಕಳಿಗಿ ಬರ್ತದ."

"ತುಪ್ಪ ಕೊಡೂದೂ ಅದರ ಗುಣಾನ ಅಲ್ಲೇನವ್ವ?" ಎಂದು ಅಯ್ಯಣ್ಣ ನಕ್ಕ. ಅದೇ ಪೆಟ್ಟಿಗೆಯಿಂದ ರಾಣಿ ಹುಳ ಬೆಳೆಯುವ ಗೂಡುಗಳನ್ನು ಕೊಯ್ದು, ಎರಡೂ ಪೆಟ್ಟಿಗೆಗಳಿಗೆ ಕೂಡಿಸಿದ.

ಹತ್ತಿ ಬಿಡಿಸುವ ಹೊತ್ತಿಗೆ ಆ ಮೂರು ಪೆಟ್ಟಿಗೆಗಳಲ್ಲೂ ಹುಳ ಕಿಕ್ಕಿರಿದಿದ್ದವು. ಪಕ್ಕದ ಹೊಲ ಅಯ್ಯಣ್ಣನ ಅಕ್ಕ ತಿಮ್ಮವ್ವನದು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟುಕೊಂಡು, ದಿನವೂ ಹತ್ತಿ ಬಿಡಿಸಲು ಬರುತ್ತಿದ್ದಳು. ಒಂದು ಸಂಜೆ ತಮ್ಮನ ಮನೆಗೆ ಬಂದು ಕುಳಿತಳು.

"ತಮ್ಮಾ, ನಿನ್ನ ಹುಳ ಬೆನ್ನ ಹತ್ತಾಕತ್ತಾವ. ಇವತ್ತ ಅರ್ಧ ಸಾಲು ಬಿಟ್ಟು ಓಡಿ ಬಂದೆ."

"ತಲಿಗಿ ವಾಸನಿ ಎಣ್ಣಿ ಹಚ್ಚಬ್ಯಾಡಕ್ಕ. ಅವಕ್ಕ ಆಗಂಗಿಲ್ಲ."

ಮರುದಿನ ಅವಳು ಎಣ್ಣೆ ಹಚ್ಚದೆ ಹೊಲಕ್ಕೆ ಬಂದಳು.

ಹನ್ನೊಂದು ಗಂಟೆ ಸುಮಾರಿಗೆ ಕೂಗು ಕೇಳಿಸಿತು. ಅಯ್ಯಣ್ಣ ಓಡಿಹೋದಾಗ ತಿಮ್ಮವ್ವ ಹತ್ತಿ ಗಿಡಗಳ ನಡುವೆ ಕುಸಿದಿದ್ದಳು. ಕಂಬಳಿ ಹೊದಿಸಿ ಎತ್ತಿಕೊಂಡು ಬಂದ. ಅಂಗಿಯ ಒಳಗೂ ಹುಳಗಳಿದ್ದವು. ಮನೆಗೆ ತಂದು, ಕಡಿದ ಕಡೆಯೆಲ್ಲ ಸುಣ್ಣ ಹಚ್ಚಿದರು. ಅದರಲ್ಲೇ ಅರ್ಧ ಗಂಟೆ ಕಳೆಯಿತು. ಉಸಿರು ಕಟ್ಟತೊಡಗಿದ ಮೇಲೆ ಆಟೋ ತಂದರು. ಮಾನ್ವಿಯ ಆಸ್ಪತ್ರೆ ಮುಟ್ಟುವ ಮೊದಲೇ ತಿಮ್ಮವ್ವ ಅಮರಮ್ಮನ ತೊಡೆಯ ಮೇಲೆ ಪ್ರಾಣ ಬಿಟ್ಟಳು.

ಮಣ್ಣು ಮಾಡಿದ ಮೂರನೆಯ ದಿನ ಅಯ್ಯಣ್ಣ ಆರೂ ಪೆಟ್ಟಿಗೆ ಸುಡಲು ಪೆಟ್ರೋಲ್ ಕ್ಯಾನು ಹಿಡಿದು ಹೊಲಕ್ಕೆ ಹೊರಟ. ಸಾವಿಗೆ ಬಂದಿದ್ದ ಸಂಘಮಿತ್ರಾ ಬಾಗಿಲಲ್ಲಿ ತಡೆದಳು.

"ಬಿಡವ್ವ. ಅಕ್ಕನ್ನ ನಾನ ಕೊಂದೆ. ಆಕಿ ಬಂದು ಹೇಳಿದ್ಳು. ನಾ ತಪ್ಪು ಎಣ್ಣಿ ಮ್ಯಾಲೆ ಹಾಕಿದೆ."

ಸಂಘಮಿತ್ರಾ ಕ್ಯಾನು ಇಸಿದುಕೊಂಡು ಕೆಳಗಿಟ್ಟಳು.

"ಆರರಾಗ ಮೂರು ಪೆಟ್ಟಿಗಿ ಸಾಧು ಅದಾವ ದೊಡ್ಡಪ್ಪ. ಅವು ಯಾರಿಗೂ ಏನೂ ಮಾಡಿಲ್ಲ. ಸುತ್ತಲಿನ ಸೂರ್ಯಕಾಂತಿ ಕಾಳು ಕಟ್ಟೂದಕ್ಕ ಅವು ಬೇಕು. ಸಿಟ್ಟಿನ ಮೂರನ್ನ ಜನ ಓಡಾಡದ ಕಡಿ ದೂರ ಇಡೂಣು. ಆಮ್ಯಾಲ ಆ ಮೂರರ ರಾಣಿ ಬದಲಿ ಮಾಡೂಣು."

"ಹುಳ ಅಂದ್ರ ಕಡೀತಾವ. ತಳಿ ಬ್ಯಾರೆ ಆದ್ರ ಬಿಡ್ತಾವೇನು?"

"ಬಿಡಂಗಿಲ್ಲ. ಆದ್ರ ಒಂದು ಹುಳ ಕಡಿಯೂದಕ್ಕೂ ನೂರು ಹುಳ ಬೆನ್ನ ಹತ್ತೂದಕ್ಕೂ ಫರಕ್ ಅದ."

ಅಮರಮ್ಮ ಕೇಳಿದಳು: "ನಮ್ಮ ಸಾಧು ಪೆಟ್ಟಿಗಿಯಿಂದಾನ ರಾಣಿ ಮಾಡಿದ್ರ ಆಗಂಗಿಲ್ಲೇನವ್ವ?"

"ಈಗ ಬ್ಯಾಡ ದೊಡ್ಡವ್ವ. ಸಿಟ್ಟಿನ ಪೆಟ್ಟಿಗಿ ಗಂಡು ಹುಳ ಇಲ್ಲೇ ಹಾರಾಡಾಕತ್ತಾವ. ಹೊಸ ರಾಣಿ ಅವನ್ನ ಕೂಡಿದ್ರ ಮತ್ತ ಅದಾ ಗುಣ. ಕೂಡಿ ಬಂದ ರಾಣೀನ ಹೊರಗಿಂದ ತರಬೇಕು. ಅದೂ ತಂಪು ಊರಿಂದಲ್ಲ, ನಮ್ಮ ಬಿಸಿಲು ತಡದ ತಳಿ ಆಗಬೇಕು."

ಸಿಟ್ಟಿನ ಪೆಟ್ಟಿಗೆಗಳನ್ನು ದೂರ ಇಟ್ಟು, ಮುಂದಿನ ವಾರ ಮೂವರೂ ದೇವದುರ್ಗಕ್ಕೆ ಹೋದರು. ಅಲ್ಲಿ ಖಾಜಾಮಿಯಾ ಎಂಬ ಹಿರಿಯರು ಹತ್ತು ವರ್ಷದಿಂದ ಜೇನು ಸಾಕುತ್ತಿದ್ದಾರೆ. ರಾಣಿ ಹುಳ ಬೆಳೆಸಿ ಬೇರೆಯವರಿಗೂ ಕೊಡುತ್ತಾರೆ. ಸುಡುವ ಮಧ್ಯಾಹ್ನದಲ್ಲಿ ಅವರು ಒಂದು ಪೆಟ್ಟಿಗೆಯ ಮುಚ್ಚಳ ತೆಗೆದು, ಸ್ವಲ್ಪವೇ ಹೊಗೆ ಊದಿ, ಒಳಗಿನ ಮೇಣದ ಎರಿಯೊಂದನ್ನು ಎತ್ತಿ ಹಿಡಿದರು. ಹುಳಗಳು ಎರಿಯ ಮೇಲೆ ತಮ್ಮ ಪಾಡಿಗೆ ಓಡಾಡುತ್ತಿದ್ದವು. ಮರಿಗಳು ರೋಗವಿಲ್ಲದೆ ಒತ್ತಾಗಿ ತುಂಬಿದ್ದವು.

"ನಿನ್ನ ಪೆಟ್ಟಿಗಿಯಷ್ಟು ತುಪ್ಪ ಇವು ಕೊಡಂಗಿಲ್ಲಪ್ಪ," ಎಂದರು ಖಾಜಾಮಿಯಾ. "ಬಾಜೂ ಹೊಲದಾಗ ಜನ ಕಳೆ ತೆಗೀತಾರ, ದನ ಮೇಯ್ತಾವ. ಅದಕ್ಕ ಇಂಥಾ ತಳೀನ ಇಟ್ಟೀನಿ."

ಅಯ್ಯಣ್ಣ ಎರಿಯನ್ನೇ ನೋಡುತ್ತಿದ್ದವನು ಅಲ್ಲೇ ನೆಲಕ್ಕೆ ಕುಳಿತುಬಿಟ್ಟ. ಟವೆಲ್ ಮುಖಕ್ಕೆ ಒತ್ತಿಕೊಂಡ. ಯಾರೂ ಅವನನ್ನು ಏಳಿಸಲಿಲ್ಲ.

ಊರಿಗೆ ಬಂದು, ಮುಖಕ್ಕೆ ಪರದೆ ಕಟ್ಟಿಕೊಂಡು, ಮೂರೂ ಸಿಟ್ಟಿನ ರಾಣಿಗಳನ್ನು ಹುಡುಕಿ ತೆಗೆದರು. ಖಾಜಾಮಿಯಾ ಅವರಿಂದ ತಂದ ಹೊಸ ರಾಣಿಗಳನ್ನು ಸಣ್ಣ ಪಂಜರದಲ್ಲಿಟ್ಟು ಎರಿಗಳ ನಡುವೆ ತೂಗು ಹಾಕಿದರು. ಹುಳಗಳು ಅವನ್ನು ಒಪ್ಪಿಕೊಂಡ ಮೇಲೆ ಹೊರಗೆ ಬಿಟ್ಟರು. ಗುಣ ಮರುದಿನವೇ ಬದಲಾಗಲಿಲ್ಲ. ಹಳೆಯ ಹುಳ ಸತ್ತು, ಹೊಸ ರಾಣಿಯ ಮಕ್ಕಳು ತುಂಬಲು ಒಂದೂವರೆ ಎರಡು ತಿಂಗಳು ಹಿಡಿಯಿತು. ಆಮೇಲೆ ಮುಚ್ಚಳ ಎತ್ತಿದರೂ ಹುಳ ಮುಖಕ್ಕೆ ಬರಲಿಲ್ಲ. ತುಪ್ಪ ಕಡಿಮೆ ಬಂತು. ಅಮರಮ್ಮ ಅದನ್ನು ಸೋಸಿ, ಮೊದಲ ಬಾಟಲಿಯನ್ನು ತಿಮ್ಮವ್ವನ ಗಂಡನಿಗೆ ಕೊಡಲು ಹೋದಳು. ಅವನು ತೆಗೆದುಕೊಳ್ಳಲಿಲ್ಲ. ಬಾಗಿಲು ಮಾತ್ರ ಮುಚ್ಚಲಿಲ್ಲ.

ಜೇನು ಸಾಕುವ ಅಣ್ಣಂದಿರೇ, ಅಕ್ಕಂದಿರೇ, ರಾಣಿ ಬದಲಿಸುವಾಗ ತುಪ್ಪ ಎಷ್ಟು ಎಂದು ಕೇಳುವ ಮೊದಲು ಆ ತಳಿಯ ಸ್ವಭಾವ ಹೇಗೆ ಎಂದು ಕೇಳಿ. ಪೆಟ್ಟಿಗೆ ತೆರೆಸಿ ಕಣ್ಣಾರೆ ನೋಡಿ. ನಮ್ಮ ಬೇಸಿಗೆ ತಡೆಯುವ, ರೋಗವಿಲ್ಲದ, ಸಾಧು ತಳಿಯನ್ನೇ ಆರಿಸಿ. ಬಹಳ ಹುಳ ಕಡಿದರೆ, ಅಥವಾ ಒಂದೇ ಕಡಿದು ಉಸಿರು ಕಟ್ಟಿದರೆ, ಸುಣ್ಣ ಹಚ್ಚುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ನಿಮ್ಮ ಹುಳಗಳ ಗುಣ ನಿಮಗಿಂತ ಮೊದಲು ಪಕ್ಕದ ಹೊಲದವರಿಗೆ ಗೊತ್ತಾಗುತ್ತದೆ. ಅವರು ಬಂದು ಹೇಳಿದ ದಿನವೇ ನಂಬಿ.