ಗಂಟೆಯಕ್ಕನಿಗೆ ಶಾಂತಮೂರ್ತಿಯ ಪಟ್ಟ

ನಮ್ಮ ಅತ್ತೆಯನ್ನು ಶಾಂತಮೂರ್ತಿ ಎಂದು ಕರೆಯುವ ಧೈರ್ಯ ಈ ಬಡಾವಣೆಯಲ್ಲಿ ಯಾರಿಗಾದರೂ ಬಂದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬಂತು. ಬಂದದ್ದು ಬಡಾವಣೆ ಸಂಘದ ಕಾರ್ಯದರ್ಶಿಗೆ. ಇಲ್ಲಿಗೆ ಮೊದಲು ಬಂದು ನೆಲೆಸಿ, ಮುಂದೆ ನಿಂತು ಬಡಾವಣೆ ಕಟ್ಟಿದವರ ಪಟಗಳನ್ನು ಸಭಾಭವನದ ಗೋಡೆಗೆ ಏರಿಸಬೇಕೆಂದು ಸಂಘ ತೀರ್ಮಾನಿಸಿತ್ತು. ಶಾಲೆ ತೆರೆದ ಮೇಷ್ಟ್ರು, ಮೊದಲ ಮನೆಗಳನ್ನು ಎಬ್ಬಿಸಿದ ಗಾರೆ ಮೇಸ್ತ್ರಿ ಇಬ್ಬರೂ ತೀರಿಕೊಂಡಿದ್ದರು. ಉಳಿದವರು ಅತ್ತೆ ಒಬ್ಬರೇ. ಪಟಕ್ಕೆ ಪರದೆ ಹೊಲಿಯುವುದು, ಅತ್ತೆಯ ಪರಿಚಯ ಓದುವುದು ಎರಡೂ ನನ್ನ ತಲೆಗೇ ಬಿದ್ದವು. ಹೊಲಿಗೆ ಅಂಗಡಿಯವಳಿಗೆ ಪರದೆ ಸರಿ, ಭಾಷಣ ಯಾಕೆ ಎಂದು ಕೇಳಿದ್ದಕ್ಕೆ, "ಸೊಸೆ ಹೊಗಳಿದ್ರೆ ತೂಕ ಜಾಸ್ತಿ ಕಣಮ್ಮ" ಎಂದರು ಕಾರ್ಯದರ್ಶಿ.

ತಾವು ಬರೆದು ತಂದದ್ದನ್ನು ಅವರು ನಮ್ಮ ಅಂಗಡಿಯಲ್ಲೇ ನಿಂತು ಓದಿದರು. "ಮೃದುಭಾಷಿಣಿ, ಸಹನಾಮಯಿ, ಎಂದೂ ದನಿ ಎತ್ತದ ಶಾಂತಮೂರ್ತಿ..."

ಮೂಲೆಯಲ್ಲಿ ಕೂತು ಗುಂಡಿ ಆರಿಸುತ್ತಿದ್ದ ಅತ್ತೆ ತಲೆ ಎತ್ತಿದರು. "ಯಾರಪ್ಪಾ ಆಯಮ್ಮ? ಪಾಪ, ಯಾವಾಗ ಹೋದ್ರು?"

"ಅಮ್ಮಾ, ಇದು ನಿಮ್ಮ ಬಗ್ಗೆನೇ ಬರ್ದಿದ್ದು."

"ಓಹೋ! ಬದುಕಿರುವಾಗ್ಲೇ ನನ್ನ ಬಾಯಿ ಹೊಲಿಸೋಕೆ ಬಂದ್ಯಾ? ಅದಕ್ಕೇ ಸರಿಯಾದ ಅಂಗಡಿಗೇ ಬಂದಿದೀಯ."

ಕಾರ್ಯದರ್ಶಿ ಹಾಳೆಯನ್ನು ನನ್ನ ಕೈಗೆ ತುರುಕಿ ಕಾಲಿಗೆ ಬುದ್ಧಿ ಹೇಳಿದರು.

ಗಂಟೆ ಬಾರಿಸಿದಂಥ ದನಿಯ ಅತ್ತೆಗೆ ಗಂಟೆಯಕ್ಕ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಮೊದಲು ಇಲ್ಲಿದ್ದದ್ದು ಬರೀ ಕಲ್ಲುದಿಬ್ಬ. ನೀರಿಲ್ಲ, ಬಸ್ಸಿಲ್ಲ, ಬೀದಿದೀಪವಿಲ್ಲ. ಅರ್ಜಿ ಬರೆದು ಬರೆದು ಮೇಷ್ಟ್ರು ಸುಸ್ತಾದ ಮೇಲೆ ಅವರೂ ಅತ್ತೆಯೂ ಸೇರಿ ಒಂದು ಉಪಾಯ ಕಂಡುಕೊಂಡರಂತೆ. ಅತ್ತೆ ಮೊದಲು ಕಚೇರಿಗೆ ನುಗ್ಗಿ, ಖಾಲಿ ಕೊಡವನ್ನು ಅಧಿಕಾರಿಯ ಮೇಜಿನ ಮೇಲೆ ಕುಕ್ಕಿ, ಗೋಡೆಯ ಸುಣ್ಣ ಉದುರುವಂತೆ ಕೂಗಾಡುವುದು. ಅಧಿಕಾರಿ ಬೆವರುವ ಹೊತ್ತಿಗೆ ಮೇಷ್ಟ್ರು ಕೈಮುಗಿದುಕೊಂಡು ಬಂದು, "ಸಾರ್, ನಮ್ಮಕ್ಕ ಸ್ವಲ್ಪ ಕೋಪಿಷ್ಠೆ. ದಯವಿಟ್ಟು ನೀವೇ ದೊಡ್ಡ ಮನಸ್ಸು ಮಾಡ್ಬೇಕು" ಎನ್ನುವುದು. ಕಬ್ಬಿಣ ಕಾಯಿಸುವವರು ಇವರು, ಬಡಿಯುವವರು ಅವರು. ನಲ್ಲಿ ಬಂದದ್ದು ಹಾಗೆ, ಬಸ್ಸು ನಿಂತದ್ದೂ ಹಾಗೆ. ಮೇಷ್ಟ್ರ ಪಟದ ಕೆಳಗೆ 'ವಿನಯವಂತರು' ಎಂದು ಬರೆಸಿದ್ದಾರೆ. ಆ ವಿನಯಕ್ಕೆ ಬೆಲೆ ಬಂದದ್ದು ಅತ್ತೆಯ ಗಂಟಲಿನಿಂದ.

ಆ ಗಂಟಲಿನ ರುಚಿ ನನಗೂ ಗೊತ್ತು. ಮದುವೆಯಾಗಿ ಬಂದಾಗಿನಿಂದ ನಾನು ಕತ್ತರಿಸಿದ ಬಟ್ಟೆ ಸೊಟ್ಟ, ಒಗೆದ ಬಟ್ಟೆ ಕೊಳೆ, ಗುಡಿಸಿದ ಮನೆ ಕಸ. ನಾನೂ ಒಂದಕ್ಕೆರಡು ಕೊಟ್ಟವಳೇ. ನಮ್ಮಿಬ್ಬರ ನಡುವೆ ನನ್ನ ಗಂಡ ಪೇಪರಿನ ಹಿಂದೆ ಅಡಗಿಕೊಂಡೇ ಸಂಸಾರ ಮಾಡಿದ್ದಾನೆ.

ಕಾರ್ಯದರ್ಶಿ ಹೋದ ಮೇಲೆ, ಆ ದಿನ ಮಾತ್ರ ಅತ್ತೆ ನನ್ನೊಡನೆ ಜಗಳಕ್ಕೆ ಬರಲಿಲ್ಲ. ಈಚೆಗೆ ಕೆಮ್ಮು ಹಿಡಿದು ಅವರ ದನಿಯೂ ಅರ್ಧ ಆಗಿತ್ತು. ಗುಂಡಿ ಡಬ್ಬಿ ಮುಚ್ಚಿ, "ಇದನ್ನೇ ಓದೋದಾದ್ರೆ ನಾನು ಬರಲ್ಲ" ಎಂದರು. "ನಾಳೆ ನಾನು ಹೋದ್ಮೇಲೆ, ನೀರು ತಾನಾಗೇ ಹರ್ಕೊಂಡು ಬಂತು ಅಂದ್ಕೋತಾರೆ ಇವರೆಲ್ಲ."

ಅಂಥ ಖಾರದ ಹೆಂಗಸನ್ನು ಸಪ್ಪೆ ಮಾಡಿ ಮೊಳೆಗೆ ನೇತುಹಾಕುವುದೆಂದರೇನು?

"ಬನ್ನಿ ಅತ್ತೆ. ಇದ್ದದ್ದು ಇದ್ದಹಾಗೆ ಹೇಳ್ತೀನಿ."

"ಹೇಳ್ದಿದ್ರೆ ಮಧ್ಯದಲ್ಲೇ ಎದ್ದು ಹೋಗ್ತೀನಿ, ನೋಡು."

ಸಮಾರಂಭದ ಮುಖ್ಯ ಅತಿಥಿ ನೀರಿನ ಕಚೇರಿಯ ಎಂಜಿನಿಯರ್. ಮೇಲಿನ ಬೀದಿಯ ನಲ್ಲಿಗಳು ಒಣಗಿ ವಾರಗಳೇ ಕಳೆದಿದ್ದವು. ಸವಿನಯ ಮನವಿಗಳಿಗೆ ಕರಗದವರು ಸನ್ಮಾನಕ್ಕಾದರೂ ಕರಗಿಯಾರೆಂದು ಕಾರ್ಯದರ್ಶಿ ಅವರನ್ನೇ ಕರೆಸಿದ್ದರು.

ಪರದೆ ಸರಿಯಿತು. ಚಿತ್ರಗಾರ ಅತ್ತೆಯ ಹುಬ್ಬಿನ ಗಂಟು ಬಿಡಿಸಿ, ತುಟಿಗೆ ಯಾರದೋ ನಗೆ ಅಂಟಿಸಿದ್ದ. ಜನ ಚಪ್ಪಾಳೆ ತಟ್ಟಿದರು. ಅತ್ತೆ ಎದ್ದುಹೋಗಲು ಕೋಲು ಹುಡುಕತೊಡಗಿದರು. ನಾನು ಹಾಳೆ ಮಡಚಿಟ್ಟು ಮೈಕು ಹಿಡಿದೆ.

"ಈ ಪಟದಲ್ಲಿರೋರು ಯಾರೋ ನಂಗೊತ್ತಿಲ್ಲ. ನಮ್ಮತ್ತೆ ಜಗಳಗಂಟಿ. ಇವತ್ತು ನಿಮ್ಮ ಮನೇಲಿ ನಲ್ಲಿ ಅಂತ ಒಂದಿದ್ರೆ ಅದು ಇವರು ಜಗಳ ಆಡಿ ತಂದಿದ್ದು."

ಕೊಡ, ಮೇಜು, ಸುಣ್ಣ, ಮೇಷ್ಟ್ರು ಎಲ್ಲವನ್ನೂ ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ಅತ್ತೆ ಕೋಲು ಹುಡುಕುವುದನ್ನು ಬಿಟ್ಟು ನೆಟ್ಟಗೆ ಕೂತರು. ಆಮೇಲೆ ಎಂಜಿನಿಯರ್ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು. ಬಂದದ್ದು ಬರೀ ಕೆಮ್ಮು. ಮತ್ತೆ ಪ್ರಯತ್ನಿಸಿದರು, ಮತ್ತೆ ಕೆಮ್ಮು. ಆಗ ನನ್ನನ್ನು ನೋಡಿ, ಗಲ್ಲವನ್ನು ಎಂಜಿನಿಯರ್ ಕಡೆಗೆ ಒಮ್ಮೆ ಎತ್ತಿದರು. ಆ ಗಲ್ಲದ ಅರ್ಥ ನನಗೆ ಚೆನ್ನಾಗಿ ಗೊತ್ತು. ಪಿಳಿಪಿಳಿ ನೋಡ್ತೀಯೇನು, ಮಾಡು ಎಂದು.

ಮೈಕನ್ನು ಪಕ್ಕಕ್ಕಿಟ್ಟೆ. ಬೇಕಾಗಲಿಲ್ಲ.

"ಸಾರ್! ಈಗ ಗಟಗಟ ಅಂತ ಕುಡಿದ್ರಲ್ಲ, ಆ ಬಾಟಲಿ ಅಂಗಡಿಯಿಂದ ತಂದಿದ್ದು! ಯಾಕೆ ಗೊತ್ತಾ? ನಿಮ್ಮ ನಲ್ಲಿ ತಿರುಗಿಸಿದ್ರೆ ಬುಸ್ ಅಂತ ಗಾಳಿ ಬರುತ್ತೆ! ನಾವೇನು ಗಾಳೀಲಿ ಪಾತ್ರೆ ತೊಳೀಬೇಕಾ? ಮಕ್ಕಳಿಗೆ ಗಾಳೀಲಿ ಸ್ನಾನ ಮಾಡಿಸ್ಬೇಕಾ? ಮನವಿ ಓದೋಕೆ ಪುರುಸೊತ್ತಿಲ್ಲ, ಸನ್ಮಾನಕ್ಕಿದೆಯಾ? ಖಾಲಿ ಕೊಡ ಮತ್ತೆ ನಿಮ್ಮ ಮೇಜಿಗೇ ಬರ್ಬೇಕಾ? ಪೈಪು ಸರಿ ಮಾಡಿಸಿ, ದಯವಿಟ್ಟು!"

ಮುಂದಿನ ಸಾಲಿನಲ್ಲಿ ನನ್ನ ಗಂಡ ಪೇಪರಿಗಾಗಿ ತಡಕಾಡುತ್ತಿದ್ದ. ಎಂಜಿನಿಯರ್ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

ಅತ್ತೆ ಕೋಲೂರಿ ಮೆಲ್ಲಗೆ ಎದ್ದು ಅವರ ಹತ್ತಿರ ಹೋದರು. ಕೋಲನ್ನು ಕಂಕುಳಿಗೆ ಸಿಕ್ಕಿಸಿ ಕೈ ಮುಗಿದರು. ನಾನು ಜನ್ಮದಲ್ಲಿ ಕೇಳದ ಬೆಣ್ಣೆಯಂಥ ದನಿಯಲ್ಲಿ, "ಸಾರ್, ನನ್ನ ಸೊಸೆ ಸ್ವಲ್ಪ ಕೋಪಿಷ್ಠೆ. ನೀವೇ ದೊಡ್ಡ ಮನಸ್ಸು ಮಾಡ್ಬೇಕು" ಎಂದರು.

"ನಾಳೆ ಬೆಳಿಗ್ಗೆನೇ ಜನ ಕಳಿಸ್ತೀನಮ್ಮ" ಎಂದರು ಎಂಜಿನಿಯರ್.

ಕಾರ್ಯದರ್ಶಿಗೆ ಹೋದ ಜೀವ ಬಂದಂತಾಯಿತು. "ನೋಡಿದ್ರಾ? ನಾನು ಹೇಳಿರಲಿಲ್ವಾ, ಶಾಂತಮೂರ್ತಿ!"

ನನಗೆ ನಗುವಿನ ಜೊತೆಗೇ ಅಳುವೂ ಬಂತು. ಇಷ್ಟು ಕಾಲ ನನ್ನ ಒಂದು ಕೆಲಸವನ್ನೂ ಒಪ್ಪದಿದ್ದವರು ಎಲ್ಲರೆದುರು ತಮ್ಮ ಜಾಗವನ್ನೇ ನನಗೆ ಬಿಟ್ಟುಕೊಟ್ಟಿದ್ದರು. ಮನೆಗೆ ಬರುವ ದಾರಿಯಲ್ಲಿ ಅವರ ತೋಳು ಹಿಡಿದು, ಒಂದು ಒಳ್ಳೆಯ ಮಾತಿಗಾಗಿ ನಾಚಿಕೆ ಬಿಟ್ಟು ಕಾದೆ.

"ದನಿ ಪರವಾಗಿಲ್ಲ" ಎಂದರು ಅತ್ತೆ, ಮನೆಯ ಮೆಟ್ಟಿಲು ಹತ್ತುತ್ತಾ. "ಆದ್ರೆ ಕೊನೇಲಿ ದಯವಿಟ್ಟು ಅಂದ್ಯಲ್ಲ, ಅದು ನಾನು ಹೇಳ್ಬೇಕಾಗಿದ್ದಿದ್ದು."